ದೀಪ ಉರಿಯುವುದು ಯಾರಿಗಾಗಿ?

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟುವವರಿಗೆ ಒಂದು ಬಹಿರಂಗ ಪತ್ರ



ನಿಮ್ಮಲ್ಲಿ ಕೆಲವರು ಪುತ್ತೂರಿನಲ್ಲೋ ಸುಳ್ಯದಲ್ಲೋ ಪಾಲಿಟೆಕ್ನಿಕ್ ಓದಿದವರು. ಇನ್ನು ಕೆಲವರು ಟಿ.ವಿ. ರಿಪೇರಿ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಕಲಿತವರು. ಎಲ್ಲೂ ಕಲಿಯದೆ, ಹಾಳಾದ ಟೇಪ್‌ರೆಕಾರ್ಡರ್ ಬಿಚ್ಚಿ ಬಿಚ್ಚಿಯೇ ಕೈ ಪಳಗಿದವರೂ ಇದ್ದೀರಿ. ಕಡಬ ಬೇರೆ ತಾಲೂಕಾಗುವ ಮೊದಲು ರಾಮಕುಂಜದವರು ಪುತ್ತೂರಿಗೆ, ಸುಬ್ರಹ್ಮಣ್ಯದವರು ಸುಳ್ಯಕ್ಕೆ ಸೇರಿದ್ದಿರಿ. ತಾಲೂಕು ಬದಲಾಯಿತು, ಪೆಟ್ಟಿಗೆ ಬದಲಾಗಲಿಲ್ಲ. ಒಳಗೆ ಅದೇ 12-0-12 ಟ್ರಾನ್ಸ್‌ಫಾರ್ಮರ್, ಅದೇ 4440 ಐಸಿಯ ಬೋರ್ಡು. ಸ್ವಲ್ಪ ದೊಡ್ಡದಾದರೆ 5200–1943 ಟ್ರಾನ್ಸಿಸ್ಟರುಗಳ ಸಾಲು. ಭಜನಾ ಮಂದಿರಕ್ಕೆ, ಯುವಕ ಮಂಡಲದ ವಾರ್ಷಿಕೋತ್ಸವಕ್ಕೆ, ಮನೆಯ ನೇಮಕ್ಕೆ, ಮಳೆಗಾಲದ ತಾಳಮದ್ದಳೆಗೆ ಇವೇ ಪೆಟ್ಟಿಗೆಗಳು ಬರುತ್ತವೆ. ಕಂಪೆನಿಯ ಸೆಟ್ಟಿಗೆ ಕೊಡುವ ಹಣದ ಒಂದು ಪಾಲಿನಲ್ಲೇ ಕೆಲಸ ಆಗುತ್ತದೆ, ಕೆಟ್ಟರೆ ಕಟ್ಟಿದವರೇ ಬಂದು ಸರಿಮಾಡುತ್ತಾರೆ. ನಿಮ್ಮ ಕೆಲಸದ ಬಗ್ಗೆ ನನಗೆ ಗೌರವವಿದೆ.

ತಕರಾರು ಇರುವುದು ಒಂದೇ ಒಂದು ಚಿಕ್ಕ ವಿಷಯಕ್ಕೆ. ನೀವು ಮುಂದಿನ ತಗಡಿನಲ್ಲಿ ಕೂರಿಸುವ ಇಂಡಿಕೇಟರ್ ದೀಪದ ಬಗ್ಗೆ.

ಇಡೀ ಪೆಟ್ಟಿಗೆ ಮುಗಿದ ಮೇಲೆ, ವಾಲ್ಯೂಮ್, ಬಾಸ್, ಟ್ರೆಬಲ್ ಗುಬ್ಬಿಗಳ ಪಕ್ಕ ಉಳಿದ ಒಂದು ತೂತಿಗೆ ಎಲ್‌ಇಡಿ ತುರುಕುವುದು ರೂಢಿ. ಎಲ್ಲಿ ವೈರು ಹತ್ತಿರ ಸಿಗುತ್ತದೋ ಅಲ್ಲಿಂದ ಎರಡು ತುದಿ ಎಳೆದು ಸೋಲ್ಡರ್ ಹಾಕಿಬಿಡುತ್ತೀರಿ. ದೀಪ ಉರಿಯಿತು, ಚಂದ ಕಂಡಿತು, ಮುಗಿಯಿತು. ಆದರೆ ಆ ದೀಪ ನೋಡಿಕೊಂಡು ಪೆಟ್ಟಿಗೆಗೆ ಕೈಹಾಕುವವರು ನೀವು ಮಾತ್ರ ಅಲ್ಲ, ಮಾರಾಯ್ರೆ. ಭಜನಾ ಮಂದಿರದಲ್ಲಿ ಮಂಗಳವಾರ ಮೈಕ್ ಹಚ್ಚುವ ಹೈಸ್ಕೂಲು ಹುಡುಗ ಇದ್ದಾನೆ. ಕಾರ್ಯಕ್ರಮದ ಮಧ್ಯೆ ಶಬ್ದ ನಿಂತಾಗ ಓಡಿಬಂದು ಮುಚ್ಚಳ ಬಿಚ್ಚುವ ಅಣ್ಣನೊಬ್ಬ ಇದ್ದಾನೆ. ದೀಪ ಅವರಿಗೆ ಏನು ಹೇಳಬೇಕೆಂದು ಮೊದಲೇ ಯೋಚಿಸಿ, ಆಮೇಲೆ ತೂತು ಕೊರೆಯಿರಿ ಎನ್ನುವುದು ನನ್ನ ಮಾತು.

ಕೆಂಪು ದೀಪ ಒಳಗೇ ಇರುವ ರಾಕರ್ ಸ್ವಿಚ್ ನಿಮಗೆಲ್ಲ ಗೊತ್ತು. ಅದರಲ್ಲಿರುವುದು ನಿಯಾನ್ ದೀಪ. ಸ್ವಿಚ್ಚಿನವರೆಗೆ 230 ವೋಲ್ಟ್ ಬಂದಿದೆ ಎಂಬುದಷ್ಟೇ ಅದಕ್ಕೆ ಗೊತ್ತು. ಮುಂದೆ ಫ್ಯೂಸ್ ಹೋಗಿದೆಯೇ, ಟ್ರಾನ್ಸ್‌ಫಾರ್ಮರಿನ ಪ್ರೈಮರಿ ಸುಟ್ಟಿದೆಯೇ, ಬ್ರಿಜ್ ಸತ್ತಿದೆಯೇ ಎಂಬುದು ಅದಕ್ಕೆ ತಿಳಿಯದು. ಪೆಟ್ಟಿಗೆ ಸತ್ತುಹೋಗಿದ್ದರೂ ಅದು ಉರಿಯುತ್ತಲೇ ಇರುತ್ತದೆ. ಇದರ ಉಲ್ಟಾ ಇನ್ನೂ ಅಪಾಯದ್ದು. ಸ್ವಿಚ್ ಆಫ್ ಮಾಡಿದ ಕೂಡಲೇ ನಿಯಾನ್ ನಂದುತ್ತದೆ, ಒಳಗಿನ ದೊಡ್ಡ ಫಿಲ್ಟರ್ ಕೆಪಾಸಿಟರುಗಳಲ್ಲಿ ಚಾರ್ಜ್ ಹಾಗೆಯೇ ಕುಳಿತಿರುತ್ತದೆ. 45 ವೋಲ್ಟ್ ತುಂಬಿದ 10,000 ಮೈಕ್ರೋಫ್ಯಾರಡ್ ಕೆಪಾಸಿಟರಿನಲ್ಲಿ ಸುಮಾರು 10 ಜೂಲ್ ಶಕ್ತಿ ಇದೆ. ಸ್ಕ್ರೂಡ್ರೈವರ್ ಜಾರಿ ತಾಗಿದರೆ ತುದಿ ಕರಗುವಷ್ಟು ಕಿಡಿ ಹಾರುತ್ತದೆ. ಪ್ಲಸ್, ಮೈನಸ್ ಎರಡು ಕಡೆಗೂ ಒಟ್ಟಿಗೆ ಕೈ ತಾಗಿದರೆ 90 ವೋಲ್ಟ್.

ನಿಯಾನಿನ ಬದಲು ಒಂದು ಎಲ್‌ಇಡಿಯನ್ನು ಕೆಪಾಸಿಟರಿನ ಎರಡು ಕಾಲುಗಳಿಗೇ ಅಡ್ಡ ಜೋಡಿಸಿ ನೋಡಿ. 45 ವೋಲ್ಟಿಗೆ 8.2 ಕಿಲೋ ಓಮಿನ ರೆಸಿಸ್ಟರ್ ಸಾಕು, 5 ಮಿಲಿಆಂಪಿಯರಿನಷ್ಟು ಹರಿಯುತ್ತದೆ. ರೆಸಿಸ್ಟರಿನಲ್ಲಿ ಕಾಲು ವಾಟಿನ ಹತ್ತಿರ ಬಿಸಿ ಹುಟ್ಟುವುದರಿಂದ ಅರ್ಧ ವಾಟಿನದ್ದು ಹಾಕಿ. ಈಗ ಸ್ವಿಚ್ ತೆಗೆದರೆ ದೀಪ ತಟ್ಟನೆ ನಂದುವುದಿಲ್ಲ. ಮುಂದಿನ ಬೋರ್ಡು ಕೆಲಸ ಮಾಡುತ್ತಿದ್ದರೆ ಅದೇ ಹೆಚ್ಚಿನ ಚಾರ್ಜನ್ನು ಬೇಗ ಹೀರುತ್ತದೆ. ಬೋರ್ಡು ಸತ್ತಿದ್ದರೆ ಅಥವಾ ಅದರ ಫ್ಯೂಸ್ ಹಾರಿದ್ದರೆ ಈ ದೀಪ ನಿಮಿಷಗಟ್ಟಲೆ ಉರಿಯುತ್ತ, ಕ್ರಮೇಣ ಕುಂದುತ್ತ ಹೋಗುತ್ತದೆ. ದೀಪ ಪೂರ್ತಿ ನಂದುವ ಹೊತ್ತಿಗೆ ಕೆಪಾಸಿಟರಿನಲ್ಲಿ ಉಳಿದಿರುವುದು ಬರೇ 2 ವೋಲ್ಟ್. ಒಂದೇ ರೆಸಿಸ್ಟರು, ಒಂದೇ ಎಲ್‌ಇಡಿ: ಚಾರ್ಜನ್ನು ಖಾಲಿ ಮಾಡುವುದೂ ಅವೇ, ಖಾಲಿಯಾಯಿತೆಂದು ಹೇಳುವುದೂ ಅವೇ. ರಿಪೇರಿಗೆ ಮುಚ್ಚಳ ಬಿಚ್ಚುವವನಿಗೆ ಬೇಕಾದ ಮಾತು ಇದು. (ಆದರೂ ಮೀಟರ್ ಹಚ್ಚಿ ನೋಡದೆ ಕೈ ಹಾಕಬಾರದು. ಎಲ್‌ಇಡಿಯೂ ಸಾಯುತ್ತದೆ.)

ಪ್ಲಸ್, ಮೈನಸ್ ಎರಡೂ ಸಪ್ಲೈ ಇರುವ ದೊಡ್ಡ ಬೋರ್ಡುಗಳಿಗೆ ದೀಪವೂ ಎರಡು ಬೇಕು. ಎರಡು ಕಡೆಯ ಫ್ಯೂಸುಗಳಲ್ಲಿ ಒಂದು ಮಾತ್ರ ಹೋದರೆ ಔಟ್‌ಪುಟ್ ಉಳಿದ ಕಡೆಗೆ ವಾಲಿ, ಸ್ಪೀಕರಿಗೆ ನೇರ ಡಿಸಿ ಹರಿಯುವ ಸಾಧ್ಯತೆ ಇದೆ. ಕಾಯಿಲ್ ಸುಡುವುದಕ್ಕೆ ಹೆಚ್ಚು ಹೊತ್ತು ಬೇಡ. ಕೆಪಾಸಿಟರಿಗೆ ಜೋಡಿಸಿದ ದೀಪ ಈ ಫ್ಯೂಸ್ ಹೋದರೂ ಉರಿಯುತ್ತಲೇ ಇರುತ್ತದೆ. ಹಾಗಾಗಿ ಆ ದೀಪಗಳನ್ನು ಪೆಟ್ಟಿಗೆಯ ಒಳಗೇ, ಬಿಚ್ಚಿದವನ ಕಣ್ಣಿಗೆ ಬೀಳುವಂತೆ ಇಡಿ. ಮುಂದಿನ ತಗಡಿಗೆ ಫ್ಯೂಸ್ ದಾಟಿದ ಮೇಲಿನ ಜಾಗದಿಂದ ಬೇರೆ ಎರಡು ದೀಪ ತನ್ನಿ. ಎರಡೂ ಉರಿದರೆ ಮಾತ್ರ ಸ್ಪೀಕರ್ ಜೋಡಿಸಬೇಕು ಎಂದು ಮಂದಿರದ ಹುಡುಗನಿಗೆ ಹೇಳಿಕೊಡುವುದು ಸುಲಭ. ಖರ್ಚು ಎರಡು ಚಹಾದ್ದು.

ಚಿಕ್ಕ ಪೆಟ್ಟಿಗೆಯವರಿಗೂ ಲೆಕ್ಕ ಹೇಳಿಬಿಡುತ್ತೇನೆ. 12-0-12ಕ್ಕೆ ಎರಡು ಡಯೋಡ್ ಹಾಕಿದರೆ ಕೆಪಾಸಿಟರಿನಲ್ಲಿ 16 ವೋಲ್ಟಿನ ಆಸುಪಾಸು ಸಿಗುತ್ತದೆ. ಕೆಂಪು ಎಲ್‌ಇಡಿ 2 ವೋಲ್ಟ್ ತಿನ್ನುತ್ತದೆ. ಉಳಿದ 14ಕ್ಕೆ 2.7 ಕಿಲೋ ಓಮ್ ಹಾಕಿದರೆ 5 ಮಿಲಿಆಂಪಿಯರ್. ಕಾಲು ವಾಟ್ ರೆಸಿಸ್ಟರ್ ಧಾರಾಳ. 4440 ಐಸಿಯ ಮಿತಿ 18 ವೋಲ್ಟ್ ಎಂಬುದು ನೆನಪಿರಲಿ. ರಾತ್ರಿ ಪಂಪುಗಳೆಲ್ಲ ನಿಂತು ಲೈನಿನ ವೋಲ್ಟೇಜ್ ಏರಿದಾಗ ಅದಕ್ಕೆ ಉಳಿಯುವ ಅಂತರ ತೀರಾ ಕಡಿಮೆ.

ಪಂಪಿನ ಮಾತು ಬಂತು. ಫೆಬ್ರವರಿಯಿಂದ ಮೇ ತನಕ ಅಡಿಕೆ ತೋಟಕ್ಕೆ ನೀರು ಬಿಡುವ ಕಾಲ. ಕೋಲ, ಒತ್ತೆಕೋಲ, ಜಾತ್ರೆ, ಬಯಲಾಟಗಳ ಕಾಲವೂ ಅದೇ. ಲೈನಿನ ತುದಿಯಲ್ಲಿರುವ ಮನೆಯಲ್ಲಿ ಸಂಜೆ ಹೊತ್ತು ಬಲ್ಬು ಕೆಂಪಾಗುವುದು ಹೊಸ ಸುದ್ದಿಯಲ್ಲ. ಎಲ್‌ಇಡಿ ಮಾತ್ರ 180 ವೋಲ್ಟಿಗೂ 240 ವೋಲ್ಟಿಗೂ ಹೆಚ್ಚುಕಡಿಮೆ ಒಂದೇ ರೀತಿ ಹೊಳೆಯುತ್ತದೆ. ವೋಲ್ಟೇಜ್ ತಿಳಿಯಬೇಕೆಂದರೆ ಅಂಕಿ ತೋರಿಸುವ ಚಿಕ್ಕ ಏಸಿ ವೋಲ್ಟ್‌ಮೀಟರ್ ತಂದು ತೂತಿಗೆ ಕೂರಿಸಿ, ದುಬಾರಿ ಏನಲ್ಲ. ಕಾರಿನ ಬ್ಯಾಟರಿಯಿಂದ ಸೆಟ್ ನಡೆಸುವವರಿಗೆ ಇದಕ್ಕಿಂತ ಅಗ್ಗದ ಉಪಾಯವಿದೆ. ಕೆಂಪು ಎಲ್‌ಇಡಿಯ ಜೊತೆ ಸಾಲಾಗಿ 9.1 ವೋಲ್ಟಿನ ಝೀನರ್ ಡಯೋಡನ್ನೂ 330 ಓಮಿನ ರೆಸಿಸ್ಟರನ್ನೂ ಹಾಕಿ. ಬ್ಯಾಟರಿ ತುಂಬಿದ್ದಾಗ ದೀಪ ಚೆನ್ನಾಗಿ ಉರಿಯುತ್ತದೆ, ಇಳಿಯುತ್ತ ಬಂದಂತೆ ಮಂಕಾಗುತ್ತದೆ, 11 ವೋಲ್ಟಿನ ಹತ್ತಿರ ನಂದುತ್ತದೆ. ಭಾಗವತರ ಪದ ಅರ್ಧಕ್ಕೆ ನಿಲ್ಲುವ ಮೊದಲೇ ಇನ್ನೊಂದು ಬ್ಯಾಟರಿ ತರಲು ಸಮಯ ಸಿಗುತ್ತದೆ.

ಈಗ ನಾನು ನಿಜವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಅರ್ತಿಂಗ್.

ನೇಮ ನಡೆಯುವ ಅಂಗಳಕ್ಕೋ ಕೊಯ್ಲು ಮುಗಿದ ಗದ್ದೆಗೋ ಕರೆಂಟು ಹೇಗೆ ಬರುತ್ತದೆಂದು ನಿಮಗೆ ನಾನು ವಿವರಿಸಬೇಕಿಲ್ಲ. ಪಂಪ್‌ಶೆಡ್ಡಿನಿಂದಲೋ ಪಕ್ಕದ ಮನೆಯ ಜಗಲಿಯಿಂದಲೋ ಉದ್ದ ವೈರು. ತುದಿಯಲ್ಲಿ ಎರಡು ಪಿನ್ನಿನ ಪ್ಲಗ್ಗು, ಅದೂ ಇಲ್ಲದಿದ್ದರೆ ಸುಲಿದ ತುದಿಗಳನ್ನು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸುವುದು. ಫೇಸ್ ಯಾವುದು, ನ್ಯೂಟ್ರಲ್ ಯಾವುದು ಎಂಬುದು ಸಿಕ್ಕಿಸಿದವನ ಕೈಗುಣ. ಫೇಸ್ ನ್ಯೂಟ್ರಲಿನ ಜಾಗಕ್ಕೆ ಬಂದರೆ ನಿಮ್ಮ ಪೆಟ್ಟಿಗೆಯ ಸ್ವಿಚ್ ಕಡಿಯುವುದು ನ್ಯೂಟ್ರಲನ್ನು ಮಾತ್ರ. ದೀಪ ನಂದುತ್ತದೆ, ಶಬ್ದ ನಿಲ್ಲುತ್ತದೆ, ಆದರೆ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯಲ್ಲಿ ಫೇಸ್ ಜೀವಂತ. ಆ ಹೊತ್ತಿಗೆ ಒಳಗೆ ಕೈ ಹಾಕಿದವನಿಗೆ ನಂದಿದ ದೀಪ ಸುಳ್ಳು ಹೇಳಿದಂತಾಯಿತು. ದೀಪವೇ ಇಲ್ಲದಿದ್ದರೆ ಅವನು ಟೆಸ್ಟರ್ ಹಚ್ಚಿಯಾದರೂ ನೋಡುತ್ತಿದ್ದ.

ಅರ್ತ್ ಇಲ್ಲದ ತಗಡಿನ ಪೆಟ್ಟಿಗೆಯ ಅಪಾಯ ಅನುಭವಿಸುವವರು ಅದನ್ನು ಕಟ್ಟಿದವರಲ್ಲ. ಟ್ರಾನ್ಸ್‌ಫಾರ್ಮರಿನ ಇನ್ಸುಲೇಷನ್ ಸೋತರೆ ಪೆಟ್ಟಿಗೆಯ ಮೈಗೆ, ಅಲ್ಲಿಂದ ಮೈಕ್ ಕೇಬಲ್ಲಿನ ಹೊರ ಜಾಲರಿಗೆ, ಅಲ್ಲಿಂದ ಲೋಹದ ಮೈಕಿಗೆ ಕರೆಂಟು ಬರುತ್ತದೆ. ಮೈಕ್ ಹಿಡಿದವರು ಬರಿಗಾಲಲ್ಲಿ ನಿಂತಿರುತ್ತಾರೆ, ಅಂಗೈ ಬೆವರಿರುತ್ತದೆ, ಕಾಲ ಕೆಳಗೆ ಇಬ್ಬನಿ ಬಿದ್ದ ಮಣ್ಣು. "ಮೈಕ್ ಸ್ವಲ್ಪ ಜುಮ್ ಅನ್ನುತ್ತದೆ" ಎಂದು ಯಾರಾದರೂ ಹೇಳಿದರೆ ನಕ್ಕು ಬಿಡಬೇಡಿ, ಅದೇ ಕ್ಷಣ ಪ್ಲಗ್ ಕೀಳಿ. ಸುರುಳಿ ಸುತ್ತುವಾಗ ಕೆಟ್ಟ ವಾರ್ನಿಷ್, ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಊರಿನ ತೇವ, ತಗಡಿನ ಸಂದಿಯಲ್ಲಿ ಗೂಡು ಕಟ್ಟುವ ಇರುವೆ, ಎಲ್ಲವೂ ಇನ್ಸುಲೇಷನ್ ಸೋಲುವುದಕ್ಕೆ ಕಾರಣಗಳೇ.

ಇದಕ್ಕೆ ದೀಪ ಏನು ಮಾಡೀತು? ಮಾಡೀತು, ಆದರೆ ಅದು ಆಂಪ್ಲಿಫೈಯರಿನ ಒಳಗೆ ಇರಬಾರದು. ಫೇಸಿನಿಂದ ಅರ್ತಿಗೆ ನಿಯಾನ್ ಜೋಡಿಸಿ ಪೆಟ್ಟಿಗೆಯೊಳಗೇ ಇಟ್ಟರೆ, ಅರ್ತ್ ಕಡಿದುಹೋದ ದಿನ ಆ ನಿಯಾನಿನ ಮೂಲಕವೇ ಪೆಟ್ಟಿಗೆಯ ಮೈ ಜುಮ್ ಎನ್ನುವುದಕ್ಕೆ ಶುರುವಾಗುತ್ತದೆ. ಮೂರು ಪಿನ್ನಿನ ಪ್ಲಗ್ಗಿನ ಆಕಾರದ ಸಾಕೆಟ್ ಟೆಸ್ಟರ್ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಮನೆಯಲ್ಲಿ ಕಟ್ಟಲು ಹೋಗಬೇಡಿ, ತನ್ನಿ. ಪೆಟ್ಟಿಗೆ ಹಚ್ಚುವ ಮೊದಲು ಅದನ್ನು ಹಚ್ಚಿ. ಫೇಸ್–ನ್ಯೂಟ್ರಲ್ ತಿರುಗಿದೆಯೇ, ಅರ್ತ್ ತಂತಿ ಇದೆಯೇ ಎಂಬುದನ್ನು ಅದರ ದೀಪಗಳ ಜೋಡಿ ತೋರಿಸುತ್ತದೆ.

ಇಲ್ಲೂ ಒಂದು ಎಚ್ಚರಿಕೆ ಬೇಕು. ನಿಯಾನ್ ಉರಿಯಲು ಒಂದು ಮಿಲಿಆಂಪಿಯರೂ ಬೇಡ. ಸಾವಿರಾರು ಓಮ್ ತಡೆ ಇರುವ ಹಾಳು ಅರ್ತಿನಲ್ಲೂ ಅದು ನಗುತ್ತ ಉರಿಯುತ್ತದೆ. ನಮ್ಮ ಮುರಕಲ್ಲಿನ ಗುಡ್ಡೆಗಳಲ್ಲಿ ಏಪ್ರಿಲ್ ಹೊತ್ತಿಗೆ ನೆಲ ಒಣಗಿ ಅರ್ತಿನ ತಡೆ ಎಷ್ಟು ಏರುತ್ತದೆಂದು ಆ ದೀಪಕ್ಕೆ ತಿಳಿಯದು. ಉರಿದರೆ ತಂತಿ ಇದೆ ಎಂದಷ್ಟೇ ಅರ್ಥ, ಅರ್ತ್ ಒಳ್ಳೆಯದಿದೆ ಎಂದಲ್ಲ. ಅದನ್ನು ಅಳೆಯಲು ಲೈಸೆನ್ಸ್ ಇರುವ ವೈರ್‌ಮನ್ ಬೇಕು, ಅರ್ತ್ ಗುಂಡಿಗೆ ಬೇಸಗೆಯಲ್ಲಿ ನೀರು ಬೇಕು, ಲೈನಿನ ಬುಡದಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕು. ಅಂಗಳಕ್ಕೆ ಎಳೆಯುವ ಎಕ್ಸ್‌ಟೆನ್ಷನ್ ಬೋರ್ಡಿನಲ್ಲೇ ಅಂಥದ್ದೊಂದನ್ನು ಕೂರಿಸಿಕೊಂಡರೆ ಊರೂರಿಗೆ ಹೊತ್ತುಕೊಂಡು ಹೋಗಬಹುದು.

ಹಂ ಬರುತ್ತದೆಂದು ಅರ್ತ್ ತಂತಿಯನ್ನೇ ಕತ್ತರಿಸುವವರಿದ್ದೀರಿ. ಇದನ್ನು ನಾನು ಮೆತ್ತಗೆ ಹೇಳಲಾರೆ: ಅದು ಅಪರಾಧ. ಹಂ ಅನ್ನು ಬೇರೆ ದಾರಿಯಲ್ಲಿ ತೆಗೆಯಬೇಕು, ಆ ದಾರಿಗಳಲ್ಲಿ ಒಂದು ಇದೇ ಇಂಡಿಕೇಟರಿನ ವೈರಿಂಗ್. ಏಸಿ ಹರಿಯುವ ದೀಪದ ವೈರನ್ನು ಮೈಕ್ ಇನ್‌ಪುಟ್ಟಿನ ಪಕ್ಕದಲ್ಲೇ ಎಳೆದರೆ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನು ನೀವೇ ಮನೆಗೆ ಕರೆದಂತೆ. ಎರಡು ವೈರುಗಳನ್ನು ಹೆಣೆದು, ತಗಡಿನ ಇನ್ನೊಂದು ಅಂಚಿನಲ್ಲಿ ಒಯ್ಯಿರಿ. ಡಿಸಿ ಎಲ್‌ಇಡಿಯ ಮೈನಸ್ ತುದಿಯನ್ನು ಇನ್‌ಪುಟ್ಟಿನ ಗ್ರೌಂಡಿಗೆ ಸೋಲ್ಡರ್ ಮಾಡಬೇಡಿ, ಫಿಲ್ಟರ್ ಕೆಪಾಸಿಟರಿನ ಮೈನಸ್‌ಗೇ ಒಯ್ಯಿರಿ. ಮಿಣುಕುವ ದೀಪವಾದರೆ ಇದು ಇನ್ನೂ ಮುಖ್ಯ, ಪ್ರತಿ ಮಿಣುಕಿಗೂ ಸ್ಪೀಕರಿನಲ್ಲಿ ಟಿಕ್ ಎನ್ನುತ್ತದೆ. ಬಯಲಾಟದ ಚೆಂಡೆಯ ನಡುವೆ ಯಾರಿಗೂ ಕೇಳಿಸದು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಇರುವುದು ಮಾತು ಮತ್ತು ಮಾತಿನ ನಡುವಿನ ಮೌನ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥಗಾರಿಕೆ ಕೇಳಿ ಬೆಳೆದ ಸಭೆ ಆ ಮೌನದಲ್ಲಿ ಗುಂಯ್ ಎನ್ನುವ ಪೆಟ್ಟಿಗೆಯನ್ನು ಸಹಿಸುವುದಿಲ್ಲ, ಸಹಿಸಲೂಬಾರದು.

ಬಣ್ಣದ ಬಗ್ಗೆ ಎರಡು ಮಾತು. ನೀಲಿ ಎಲ್‌ಇಡಿ ಕಂಡುಹಿಡಿದದ್ದಕ್ಕೆ ಅಕಸಾಕಿ, ಅಮಾನೊ, ನಕಮುರಾ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಸಿಕ್ಕಿತು. ಯೋಗ್ಯವೇ. ಆದರೆ ಅದನ್ನು 10, 15 ಮಿಲಿಆಂಪಿಯರಿನಲ್ಲಿ ಉರಿಸಿ ಎದುರು ಕುಳಿತವರ ಕಣ್ಣಿಗೆ ಚುಚ್ಚಿ ಎಂದು ಯಾರೂ ಹೇಳಿಲ್ಲ. ಈಗಿನ ಎಲ್‌ಇಡಿಗಳಿಗೆ ಒಂದು ಮಿಲಿಆಂಪಿಯರ್ ಸಾಕು. 16 ವೋಲ್ಟಿಗೆ 10 ಕಿಲೋ ಓಮ್ ಹಾಕಿ ನೋಡಿ, ಆಗಲೂ ಚೆನ್ನಾಗಿ ಕಾಣುತ್ತದೆ. ತೂಟೆಯ ಬೆಳಕಿನಲ್ಲಿ ದೈವದ ಮುಖ ನೋಡಬೇಕಾದ ಹೊತ್ತಿಗೆ ಪಕ್ಕದಲ್ಲಿ ನೀಲಿ ಚುಕ್ಕೆ ಕೋರೈಸುವುದು ಸರಿಯಲ್ಲ. ಕೆಂಪು, ಹಸಿರು ಎರಡೂ ಒಂದೇ ಎಲ್‌ಇಡಿಯಲ್ಲಿ ಬದಲಾಗುವುದೂ ಬೇಡ. ಆ ಎರಡು ಬಣ್ಣಗಳ ವ್ಯತ್ಯಾಸ ಕಾಣದ ಗಂಡಸರು ಪ್ರತಿ ಊರಿನಲ್ಲೂ ಇದ್ದಾರೆ. ಎರಡು ಮಾತಿಗೆ ಎರಡು ದೀಪ, ಬೇರೆ ಬೇರೆ ಜಾಗದಲ್ಲಿ, ಪ್ರತಿಯೊಂದರ ಕೆಳಗೂ ಕನ್ನಡದಲ್ಲಿ ಬರೆದ ಚೀಟಿ. "ಕರೆಂಟ್ ಬಂದಿದೆ", "ಫ್ಯೂಸ್ ಸರಿ ಇದೆ", "ಶಬ್ದ ಒಡೆಯುತ್ತಿದೆ, ತಗ್ಗಿಸಿ" ಎಂದು ಬರೆದರೆ ಹೈಸ್ಕೂಲು ಹುಡುಗನಿಗೂ ಗೊತ್ತಾಗುತ್ತದೆ.

ಹಳೆಯ ವಾಲ್ವ್ ರೇಡಿಯೋಗಳಲ್ಲಿ ಇಎಂ84 ಎಂಬ ಮ್ಯಾಜಿಕ್ ಐ ವಾಲ್ವ್ ಇರುತ್ತಿತ್ತು. ಸ್ಟೇಷನ್ ಸರಿಯಾಗಿ ಸಿಕ್ಕಿದಷ್ಟೂ ಅದರ ಹಸಿರು ಪಟ್ಟಿಗಳು ಹತ್ತಿರ ಬಂದು ಕೂಡುತ್ತಿದ್ದವು. ಇಷ್ಟು ಚಂದದ, ಇಷ್ಟು ಉಪಯೋಗದ ಇಂಡಿಕೇಟರ್ ಇನ್ನೊಂದನ್ನು ನಾನು ಕಂಡಿಲ್ಲ. ಅದರ ಮುಂದೆ ಈಗಿನ ಕುಣಿಯುವ ದೀಪಗಳ ಸಾಲು, ಅಂದರೆ ಹಾಡಿಗೆ ತಕ್ಕಂತೆ ಏರಿಳಿಯುವ ಐದು ಎಲ್‌ಇಡಿಯ ಕಿಟ್, ಬರೇ ಅಲಂಕಾರ. ಯಾವ ದೀಪ ಎಷ್ಟು ಔಟ್‌ಪುಟ್ಟಿಗೆ ಹೊತ್ತುತ್ತದೆಂದು ಅಳೆದು ಹೊಂದಿಸದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಔಟ್‌ಪುಟ್ ಸಪ್ಲೈಯ ಮಿತಿ ತಲುಪಿ ಶಬ್ದ ಒಡೆಯುವಾಗ ಮಾತ್ರ ಹೊತ್ತುವ ಒಂದೇ ಒಂದು ಕೆಂಪು ದೀಪ ಸ್ಪೀಕರನ್ನು ಉಳಿಸುತ್ತದೆ. 

ಕೊನೆಗೆ ಸಿಡಿಲು. ಏಪ್ರಿಲ್, ಮೇ ಸಂಜೆಗಳಲ್ಲಿ ಘಟ್ಟದ ಕಡೆ ಕಪ್ಪಾದರೆ ಸ್ವಿಚ್ ಆಫ್ ಮಾಡಿ, ದೀಪ ನಂದಿತೆಂದು ಸುಮ್ಮನೆ ಕೂರಬೇಡಿ. ಅಷ್ಟು ದೂರದಿಂದ ಗಾಳಿ ಸೀಳಿ ಬರುವ ಸಿಡಿಲಿಗೆ ಸ್ವಿಚ್ಚಿನ ಒಳಗಿನ ಎರಡು ಮಿಲಿಮೀಟರ್ ಅಂತರ ಏನೂ ಅಲ್ಲ. ಪ್ಲಗ್ ಕೀಳಬೇಕು, ಮೈಕಿನ ಉದ್ದ ಕೇಬಲ್ಲನ್ನೂ ತೆಗೆಯಬೇಕು. ಸರ್ಜ್ ತಡೆಯಲು ಎಂಒವಿ ಹಾಕಿದವರು ಅದರ ಫ್ಯೂಸಿನ ಆಚೆಗೆ ಒಂದು ನಿಯಾನ್ ಇಡಿ. ಎಂಒವಿ ಸಿಡಿಲಿಗೆ ಬಲಿಯಾಗಿ ಫ್ಯೂಸ್ ಹೋದ ಮೇಲೂ ಆಂಪ್ಲಿಫೈಯರ್ ಏನೂ ಆಗದ ಹಾಗೆ ಹಾಡುತ್ತಿರುತ್ತದೆ. ಮುಂದಿನ ಸಿಡಿಲಿಗೆ ರಕ್ಷಣೆ ಇಲ್ಲ ಎಂಬುದನ್ನು ಆ ನಿಯಾನ್ ನಂದಿದ್ದು ನೋಡಿಯೇ ತಿಳಿಯಬೇಕು.

ಮೇ ಕೊನೆಯ ವಾರ ಪತ್ತನಾಜೆ ಬರುತ್ತದೆ. ಆಟ, ಕೋಲಗಳೆಲ್ಲ ನಿಲ್ಲುತ್ತವೆ. ಪೆಟ್ಟಿಗೆಗಳು ಅಟ್ಟ ಸೇರುವ ಮೊದಲು ಒಂದು ದಿನ ಬಿಡುವು ಮಾಡಿಕೊಳ್ಳಿ. ನೀವು ಕಟ್ಟಿಕೊಟ್ಟ ಪೆಟ್ಟಿಗೆಗಳಿರುವ ಮಂದಿರಗಳಿಗೆ, ಮನೆಗಳಿಗೆ ಹೋಗಿ, ಮುಚ್ಚಳ ಬಿಚ್ಚಿ, ದೀಪ ಎಲ್ಲಿಂದ ಎಲ್ಲಿಗೆ ಜೋಡಿಸಿದೆ ಎಂದು ನೋಡಿ. ಎರಡು ಪಿನ್ನಿನ ಪ್ಲಗ್ ಕಂಡರೆ ಕತ್ತರಿಸಿ ಮೂರು ಪಿನ್ನಿನದ್ದು ಹಾಕಿ, ಅರ್ತ್ ತಂತಿಯನ್ನು ತಗಡಿಗೆ ಬೋಲ್ಟ್ ಹಾಕಿ ಬಿಗಿಯಿರಿ, ಬಣ್ಣ ಕೆರೆದು ಲೋಹಕ್ಕೇ ತಾಗುವಂತೆ. ಮಂದಿರದ ಹುಡುಗರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರತಿ ದೀಪದ ಅರ್ಥ ಹೇಳಿಕೊಡಿ. ದೀಪಾವಳಿ ಕಳೆದು ಮೇಳಗಳು ಮತ್ತೆ ಹೊರಡುವ ಮೊದಲು ಇಷ್ಟು ಮುಗಿಸಿ ಎಂದು ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ.

ಇಂತು ನಿಮ್ಮವ,
ಮೈಕಿನ ಪೆಟ್ಟಿಗೆಯ ಪಕ್ಕ ಕುಳಿತು ಆಟ ನೋಡುವ ಒಬ್ಬ ಊರವ